ಮಗಳ ತಲೆ ಮುಟ್ಟಿ

ಅಂಬಿ ಶಾಲೆಯಿಂದ ತಂದ ಪೊಟ್ಟಣಕ್ಕೆ ಅವಳ ಟೀಚರು ಹಳೇ ಪೇಪರು ಸುತ್ತಿ, ನಾಲ್ಕೂ ಕಡೆ ಪಿನ್ನು ಹೊಡೆದಿದ್ದರು.

"ಏನೇ ಇದು?" ಸಂಧ್ಯಾ ಕೇಳಿದಳು. ಅತ್ತೆಯ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೈಯೆಲ್ಲ ಸೊಗಡು ಮೆತ್ತಿತ್ತು.

"ಬೆಳಿಗ್ಗೆ ತಗೊಂಡ್ಹೋಗಿದ್ನಲ್ಲಮ್ಮ, ಕೋಲಾಟದ ಸಿಡಿ. ಸ್ಕೂಲ್ ಡೇ ಡ್ಯಾನ್ಸಿಗೆ. ಮಿಸ್ಸು ಸ್ಟಾಫ್ ರೂಮಲ್ಲಿ ಒಬ್ರೇ ಹಾಕಿ ನೋಡಿದ್ರಂತೆ, ಪ್ಲೇ ಆಗಲ್ವಂತೆ. ಅಮ್ಮನ ಕೈಗೇ ಕೊಡು, ದಾರೀಲಿ ಬಿಚ್ಬೇಡ ಅಂದ್ರು. ಇನ್ಮೇಲೆ ಸ್ಕೂಲಿಗೆ ಏನಿದ್ರೂ ನೀನೇ ಬರ್ಬೇಕಂತೆ. ಅಪ್ಪ ಬರೋದ್ ಬೇಡ್ವಂತೆ."

"ಅಪ್ಪ ಯಾಕ್ ಬರ್ಬಾರ್ದಂತೆ?"

"ನಂಗೇನ್ ಗೊತ್ತು?" ಅಂಬಿ ಶೂ ಬಿಚ್ಚಿ ಒಳಗೆ ಓಡಿದಳು.

ದೊಡ್ಡಗಂಗಮ್ಮ ಸೊಸೆಯ ಕಡೆ ತಿರುಗಿದರು. "ಹಾಡ್ದೇ ಇರೋ ಸಿಡೀನ ಅಷ್ಟ್ ಜ್ವಾಪಾನವಾಗ್ ಕಟ್ಟವ್ಳಲ್ಲ ಆ ಮೇಷ್ಟ್ರಮ್ಮ!"

ಮರುದಿನ ಅಂಬಿ ಶಾಲೆಗೆ, ಗಂಡ ಆಫೀಸಿಗೆ ಹೋದ ಮೇಲೆ, ಅತ್ತೆ ಬಟ್ಟೆ ಒಗೆಯಲು ಹಿತ್ತಿಲಿಗೆ ನಡೆದ ಹೊತ್ತು ನೋಡಿ ಸಂಧ್ಯಾ ಟೀವಿಯ ಸೌಂಡು ಪೂರ್ತಿ ಕಡಿಮೆ ಮಾಡಿ ಸಿಡಿ ಹಾಕಿದಳು. ಅರ್ಧ ನಿಮಿಷವೂ ನೋಡಲಾಗಲಿಲ್ಲ. ಆರಿಸಿ, ಟೀವಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು, ಸ್ಟೂಲು ಹಾಕಿಕೊಂಡು ಸಜ್ಜೆಯ ಮೇಲಿದ್ದ ಹಳೇ ಸೂಟ್‌ಕೇಸು ಇಳಿಸಿದಳು. ಅದರ ತುಂಬ ಸಿಡಿಗಳಿದ್ದವು. ಜಾನಪದ ಗೀತೆ, ಭಕ್ತಿಗೀತೆ, ಯೋಗಾಸನ ಕಲಿಯಿರಿ: ಹೊದಿಕೆಗಳು ಮಾತ್ರ ಒಂದಕ್ಕಿಂತ ಒಂದು ಸಾತ್ವಿಕ. ಒಂದು ಕೋಲಾಟದ ಹೊದಿಕೆ ದಾರಿತಪ್ಪಿ ಷೋಕೇಸಿನಲ್ಲಿ ಉಳಿದು, ಮಗಳ ಬ್ಯಾಗು ಸೇರಿತ್ತು.

ಸಂಧ್ಯಾಳ ಗಂಡ ಲಕ್ಷ್ಮೀಕಾಂತ್ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಮರಳೂರಿನ ಆ ಬೀದಿಯಲ್ಲಿ ಅವನಷ್ಟು ಒಳ್ಳೆಯ ಹೆಸರು ಇನ್ನೊಬ್ಬರಿಗಿರಲಿಲ್ಲ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಅವನ ತಂದೆ ಶಿವರಾಮಯ್ಯನವರು ರಿಟೈರಾದ ಹೆಡ್‌ಮಾಸ್ಟರು. ಶನಿವಾರ ಶನಿವಾರ ಗುಬ್ಬಿ ಹತ್ತಿರದ ತೆಂಗಿನ ತೋಟಕ್ಕೆ ಹೋಗಿಬರುವಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಮಗನ ಗುಣಗಾನ ಮಾಡುವರು. ಮಗ ದಿನವೂ ಒಂಬತ್ತರ ಮೇಲೆ ಮನೆಗೆ ಬರುವುದೂ ಆ ಗುಣಗಾನದಲ್ಲಿ ಸೇರಿತ್ತು. "ಲೋಡಿಂಗ್ ಇರುತ್ತೆ ಸ್ವಾಮಿ, ಅವನಿಲ್ದೆ ಲಾರಿ ಅಲ್ಲಾಡಲ್ಲ."

ಆ ರಾತ್ರಿ ಹಿತಕವರೆ ಸಾರು ಮಾಡಿದ್ದರು. ಅಂಬಿ ಉಂಡು ರೂಮಿಗೆ ಹೋದ ಮೇಲೆ ಸಂಧ್ಯಾ ಸೂಟ್‌ಕೇಸನ್ನು ತಂದು ಗಂಡನ ತಟ್ಟೆಯ ಪಕ್ಕ ಇಟ್ಟಳು. ಅವನ ಕೈಯಲ್ಲಿದ್ದ ಮುದ್ದೆಯ ತುತ್ತು ಹಾಗೇ ನಿಂತಿತು.

"ಏನಮ್ಮ ಅದು?" ಶಿವರಾಮಯ್ಯ ಕೇಳಿದರು.

"ನಿಮ್ಮ ಮಗನ್ನೇ ಕೇಳಿ ಮಾವ. ನಂಗೆ ಬಾಯ್ಬಿಟ್ಟು ಹೇಳಕ್ಕಾಗಲ್ಲ. ಅಂಬಿ ಇದ್ರಲ್ಲೊಂದ್ನ ಸ್ಕೂಲಿಗೆ ತಗೊಂಡ್ಹೋಗಿದ್ಲು. ಮಕ್ಕಳ ಮುಂದೆ ಹಾಕೋಕ್ ಮುಂಚೆ ಅವರ ಮಿಸ್ಸು ನೋಡಿದ್ರು, ದೇವರು ದೊಡ್ಡೋನು."

ಲಕ್ಷ್ಮೀಕಾಂತ್ ಮೊದಲು ಯಾರೋ ಸ್ನೇಹಿತನದು ಎಂದ. ಆಮೇಲೆ ಒಂದೆರಡು ಮಾತ್ರ ತನ್ನದು ಎಂದ. ಕೊನೆಗೆ ಎಂಜಲುಗೈಯಲ್ಲೇ ಮುಖ ಮುಚ್ಚಿಕೊಂಡ. "ಪೀಯುಸೀಲಿದ್ದಾಗಿಂದ. ವಿಡಿಯೋ ಕ್ಯಾಸೆಟ್ ಕಾಲದಿಂದ. ಬಿಟ್ಬಿಡ್ಬೇಕು ಅಂತ ಎಷ್ಟ್ ಸಲ ಅಂದ್ಕೊಂಡೆ. ಆಗಲ್ಲ."

"ಲೋಡಿಂಗ್ ಅಂತಿದ್ದಿದ್ದು?" ಸಂಧ್ಯಾ ಕೇಳಿದಳು.

"ಸೈಬರ್ ಸೆಂಟರು."

"ದಿನಾಲೂ?"

ಅವನು ಹೌದೆಂದು ತಲೆಯಾಡಿಸಿದ. ಸಂಧ್ಯಾ ಅಳಲಿಲ್ಲ, ಕೂಗಲೂ ಇಲ್ಲ. "ಇಷ್ಟ್ ವರ್ಷ ನನ್ನಲ್ಲೇ ಏನೋ ಕಮ್ಮಿ ಅಂದ್ಕೊಂಡಿದ್ದೆ ಕಣ್ರೀ. ಹಬ್ಬಕ್ಕೊಂದು ಒಳ್ಳೆ ಸೀರೆ ಉಟ್ರೂ ಈ ಮನುಷ್ಯ ನನ್ ಮುಖ ನೋಡಲ್ವಲ್ಲ ಅಂತ ಕನ್ನಡಿ ಮುಂದೆ ನಿಂತ್ಕೊಂಡು ಹುಡುಕ್ತಿದ್ದೆ, ಎಲ್ಲಿದೆ ಐಬು ಅಂತ."

ಶಿವರಾಮಯ್ಯ ತಟ್ಟೆ ಬಿಟ್ಟು ಎದ್ದರು. "ಹುಟ್ಟುಗುಣ ಸುಟ್ರೂ ಹೋಗಲ್ಲ" ಎಂದವರು ಅಂದಿನಿಂದ ಮಗನೊಂದಿಗೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು.

ದಾರಿ ಕಂಡುಹಿಡಿದವರು ದೊಡ್ಡಗಂಗಮ್ಮ. ಅವರಿಗೆ ಆ ಸಿಡಿಗಳಲ್ಲಿ ಏನಿದೆಯೆಂದು ಪೂರ್ತಿ ತಿಳಿಯದಿದ್ದರೂ ಮಗ ಕೆಟ್ಟ ಚಾಳಿಗೆ ಬಿದ್ದಿದ್ದಾನೆಂಬುದು ತಿಳಿದಿತ್ತು. ಅವರ ತವರಿನಲ್ಲಿ ಹೆಂಡ ಬಿಡಿಸುವುದಕ್ಕೂ ಜೂಜು ಬಿಡಿಸುವುದಕ್ಕೂ ಇದ್ದದ್ದು ಒಂದೇ ಮದ್ದು.

"ಮಗಿನ ತಲೆ ಮುಟ್ಟಿ ಆಣೆ ಹಾಕ್ಲಿ. ಹೆತ್ತ ಮಗಿನ ಮೇಲೆ ಆಣೆ ಹಾಕಿ ಮುರಿಯೋ ಗಂಡ್ಸು ಈ ಭೂಮಿ ಮ್ಯಾಲೇ ಇಲ್ಲ."

"ಅವಳ್ಯಾಕತ್ತೆ? ನನ್ ತಲೆ ಮುಟ್ಲಿ."

"ನಿನ್ ತಲೆ ಮ್ಯಾಲೆ ಅಷ್ಟು ಭಯ ಇದ್ದಿದ್ರೆ ಇದೆಲ್ಲ ಎಲ್ಲಾಯ್ತಿತ್ತು?"

ಆ ಮಾತು ಸಂಧ್ಯಾಗೆ ಚಾಟಿಯಿಂದ ಹೊಡೆದಷ್ಟು ನೋವು ಕೊಟ್ಟಿತು. ಆದರೂ ನಿಜವಾಗಿತ್ತು. ಅವಳಿಗೂ ಬೇರೆ ದಾರಿ ಕಾಣದೆ ಒಪ್ಪಿದಳು.

ಸೋಮವಾರ ಬೆಳಿಗ್ಗೆ ಅಂಬಿಯನ್ನು ದೇವರ ಮುಂದೆ ಮಣೆ ಹಾಕಿ ಕೂರಿಸಿದರು. ಅಜ್ಜಿಯ ಹೆಸರನ್ನೇ ಇಟ್ಟಿದ್ದ ಮೊಮ್ಮಗಳು; ಪೂರ್ತಿ ಹೆಸರು ಗಂಗಾಂಬಿಕೆ, ಏಳನೇ ಕ್ಲಾಸು. ಎಣ್ಣೆ ಹಚ್ಚಿದ ತಲೆಯ ಮೇಲೆ ಅಪ್ಪ ಬಲಗೈ ಇಟ್ಟಾಗ "ಏನಪ್ಪ ಇದು, ಇವತ್ತೇನು?" ಎಂದು ಕೇಳಿದಳು.

"ಅಪ್ಪ ಒಂದು ಚಟ ಬುಡ್ತಾನಂತೆ, ಸುಮ್ನೆ ಕೂತ್ಕೊ" ಎಂದರು ಅಜ್ಜಿ.

"ಸಿಗರೇಟಾ?"

ಯಾರೂ ಇಲ್ಲವೆನ್ನಲಿಲ್ಲ. ಅಪ್ಪ ಕದ್ದುಮುಚ್ಚಿ ಸೇದುತ್ತಿದ್ದನೇನೋ, ಈಗ ಬಿಡುತ್ತಾನೆ ಎಂದುಕೊಂಡು ಹುಡುಗಿ ಖುಷಿಯಾಗಿಯೇ ತಲೆ ಕೊಟ್ಟಳು.

ಒಂದೆರಡು ತಿಂಗಳು ಆಣೆ ಕೆಲಸ ಮಾಡಿತು, ಅಥವಾ ಮಾಡಿದ ಹಾಗೆ ಕಂಡಿತು. ಲಕ್ಷ್ಮೀಕಾಂತ್ ಆರೂವರೆಗೆ ಮನೆಯಲ್ಲಿರುತ್ತಿದ್ದ. ಸೊಪ್ಪು ಬಿಡಿಸಿದ, ಕೆಟ್ಟಿದ್ದ ನಲ್ಲಿಗೆ ವಾಷರ್ ಹಾಕಿದ, ಮಗಳಿಗೆ ಲೆಕ್ಕ ಹೇಳಿಕೊಟ್ಟ. ಸಂಧ್ಯಾ ಮಾತ್ರ ಮಗಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ಯುಗಾದಿಗೆ ಕುಣಿಗಲ್ಲಿನ ತವರಿಗೆ ಹೋದವಳು ತಾಯಿಯ ಮುಂದೆ ಅರ್ಧಂಬರ್ಧ ಹೇಳಿಕೊಂಡಳು.

"ಕುಡೀತಾನಾ?" ತಾಯಿ ಕೇಳಿದರು.

"ಇಲ್ಲ."

"ಹೊಡೀತಾನಾ?"

"ಇಲ್ಲಮ್ಮ."

"ಇನ್ನೊಬ್ಳನ್ನ ಇಟ್ಕೊಂಡವ್ನಾ?"

"ಇಲ್ಲ, ಆದ್ರೆ..."

"ಮತ್ತೆ? ಟೀವೀಲಿ ಏನೋ ನೋಡ್ದ ಅಂತ ಗಂಡನ್ ಬಿಟ್ಟು ಬತ್ತಾರೇನೇ? ಜನ ನಗ್ತಾರೆ. ಹೋಳಿಗೆ ಕಟ್ಟಿದೀನಿ, ತಗೊಂಡ್ಹೋಗು."

ಸಂಧ್ಯಾ ಹೋಳಿಗೆ ತೆಗೆದುಕೊಂಡು ವಾಪಸು ಬಂದಳು. ಬೇರೇನು ಮಾಡುವುದು?

ಏಪ್ರಿಲ್ ಕಳೆಯುತ್ತಿದ್ದಂತೆ ಗಂಡ ಬದಲಾದ. ಮನೆಗೆ ಬರುವ ಹೊತ್ತು ಬದಲಾಗಿರಲಿಲ್ಲ. ಅದರಲ್ಲಿ ಅವನು ಜಾಣ. ಬದಲಾದದ್ದು ಮಗಳ ವಿಷಯದಲ್ಲಿ. ಅಂಬಿಗೆ ಟಾನಿಕ್ ತಂದ. ಕೈಗೆ ಕಟ್ಟಲು ದೇವಸ್ಥಾನದಿಂದ ದಾರ ತಂದ. ಸೈಕಲ್ ಹತ್ತಬೇಡ ಎಂದ. ರಜೆಯಲ್ಲಿ ಮಾರ್ಕೋನಹಳ್ಳಿ ಡ್ಯಾಮಿಗೆ ಮಾವನ ಮಕ್ಕಳ ಜೊತೆ ಹೊರಟವಳನ್ನು, ನೀರಿನ ಹತ್ತಿರ ಬೇಡವೇ ಬೇಡ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಕರೆತಂದ. ಹುಡುಗಿ ಮೂರು ದಿನ ಮಾತು ಬಿಟ್ಟಳು.

ಒಂದು ದಿನ ಊಟಕ್ಕೆ ಕೂತಾಗ ಅಂಬಿ ಸೀನಿದಳು. ಒಗ್ಗರಣೆಯ ಘಾಟು, ಅಷ್ಟೇ. ಲಕ್ಷ್ಮೀಕಾಂತ್ ತಟ್ಟೆ ಬಿಟ್ಟೆದ್ದು ಮಗಳ ಹಣೆ ಮುಟ್ಟಿ ನೋಡಿದ. ಕುತ್ತಿಗೆ ಮುಟ್ಟಿ ನೋಡಿದ. ಅವನ ಮುಖದಲ್ಲಿ ಬೆವರು ಕಿತ್ತುಕೊಂಡು ಬಂದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಸಂಧ್ಯಾ ಗಾದೆಯಲ್ಲಿ ಕೇಳಿದ್ದಳು, ಈಗ ಮನೆಯಲ್ಲೇ ಕಂಡಳು. ಅನ್ನದ ಸಟ್ಟುಗ ಕೈಯಲ್ಲಿ ಹಿಡಿದು ಹಾಗೇ ನಿಂತಳು. ಅವಳಿಗೆ ಎಲ್ಲ ಅರ್ಥವಾಯಿತು.

ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು. "ಮತ್ತೆ ಶುರುವಾಗಿದ್ಯಾ?"

"ಮಗು ಮೇಲೆ ಆಣೆ ಹಾಕಿಲ್ವಾ? ಹೆಂಗ್ ಕೇಳ್ತೀಯ ನೀನು?"

"ಆಣೆ ಹಾಕಿದೀರ ಅಂತಾನೇ ಕೇಳ್ತಿದೀನಿ."

"ಇಲ್ಲ ಅಂದ್ನಲ್ಲ!" ಎಂದು ಅರಚಿ ಲೋಟ ಎಸೆದ. ಒಪ್ಪಿಕೊಂಡರೆ ಮಗಳನ್ನು ಕೊಂದಂತೆ. ಹಾಗಾಗಿ ಅವನಿಗೆ ಸುಳ್ಳೊಂದೇ ಉಳಿದಿತ್ತು. ಸುಳ್ಳು ಹೇಳಿದ ದಿನ ಮನಸ್ಸು ಕೆಡುವುದು, ಮನಸ್ಸು ಕೆಟ್ಟ ದಿನ ಅವನ ಕಾಲು ತಾನಾಗಿಯೇ ಸೈಬರ್ ಸೆಂಟರಿನ ಮೆಟ್ಟಿಲು ಹತ್ತುವುದು.

ಆ ವರ್ಷದ ಮಳೆಗಾಲಕ್ಕೆ ತುಮಕೂರಿಗೆ ಚಿಕುನ್‌ಗುನ್ಯ ಬಂತು. ಬೀದಿಗೆ ಬೀದಿಯೇ ಸೊಂಟ ಬಗ್ಗಿಸಿಕೊಂಡು ಗೋಡೆ ಹಿಡಿದು ನಡೆಯಿತು. ಎದುರುಮನೆಯ ನರಸಯ್ಯ, ಪಕ್ಕದ ಮನೆಯ ಜೈನಬ್ ಬೀ, ಹಾಲಿನವನು, ಎಲ್ಲರೂ ಮಲಗಿದರು. ಒಂದು ಸಂಜೆ ಅಂಬಿಯೂ ಮಲಗಿದಳು. ಮೈ ಕೆಂಡವಾಗಿ, ಬೆರಳುಗಳು ಊದಿ, ಮಗ್ಗುಲು ಬದಲಿಸಲೂ ಆಗದೆ ಚೀರಿದಳು.

ಲಕ್ಷ್ಮೀಕಾಂತ್ ಮಂಚದ ಕಾಲು ಹಿಡಿದು ಕುಸಿದ. "ನನ್ನಿಂದಾನೇ ಆಗಿದ್ದು. ನಾನೇ ಆಣೆ ಮುರ್ದೆ. ಯುಗಾದಿ ಆದ್ಮೇಲಿಂದ ಹೋಗ್ತಾನೇ ಇದೀನಿ. ಮಗೂನ ಉಳಿಸ್ಕೊಡಮ್ಮ ತಾಯಿ!"

ದೊಡ್ಡಗಂಗಮ್ಮ ಅವನ ಬೆನ್ನಿಗೆ ಬಡಿದರು. "ಹೆತ್ತ ಮಗಿನೇ ತಿಂದ್ಬುಟ್ಯಲ್ಲೋ! ಒಂದು ಹೆಣ್ಮಗ ಇದ್ದುದ್ದು, ಅದುನ್ನೂ ನುಂಗ್ಬುಟ್ಯಲ್ಲೋ!"

"ಊರಿಗೆಲ್ಲ ಬಂದಿದೆ ಈ ಜ್ವರ" ಎಂದು ಸಂಧ್ಯಾ ಕೂಗಿದಳು. "ಜೈನಬ್ ಬೀಗೆ ಯಾರ್ ಆಣೆ ಮುರಿದ್ರು? ಹಾಲಿನೋನಿಗೆ ಯಾರ್ ಮುರಿದ್ರು? ಸುಮ್ನಿರಿ ಇಬ್ರೂ, ಮಗು ಕೇಳಿಸ್ಕೊತಿದೆ."

ಮಗು ಆಗಲೇ ಕೇಳಿಸಿಕೊಂಡಿತ್ತು.

ಜ್ವರ ವಾರದಲ್ಲಿ ಇಳಿಯಿತು, ಬೆರಳಿನ ನೋವು ಉಳಿಯಿತು. ಶಾಲೆ ಶುರುವಾದರೂ ಅಂಬಿಗೆ ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಲಾಗುತ್ತಿರಲಿಲ್ಲ. ಮುದ್ದೆ ಮುರಿಯಲೂ ಆಗದೆ ಅಜ್ಜಿ ತುತ್ತು ಮಾಡಿ ಕೊಡುತ್ತಿದ್ದರು. ಚಟ ಯಾವುದು, ಆ ಸಿಡಿ ಯಾಕೆ ಹಾಡಲಿಲ್ಲ ಎಂಬುದೆಲ್ಲ ಒಂದಕ್ಕೊಂದು ಸೇರಿ ಅವಳಿಗೆ ತಿಳಿದುಹೋಗಿತ್ತು. ಅಪ್ಪ ಒಂದು ಬೆಳಿಗ್ಗೆ ಹಾಲಿನ ಲೋಟ ಹಿಡಿದು ಬಂದಾಗ ಅವಳು ಮುಖ ತಿರುಗಿಸದೆ ನೇರವಾಗಿ ಕೇಳಿದಳು.

"ಆಣೆ ಮುರಿಯೋವಾಗ ನಾನ್ ಸತ್ರೂ ಪರ್ವಾಗಿಲ್ಲ ಅಂದ್ಕೊಂಡ್ಯಾ?"

"ಇಲ್ಲ ಪುಟ್ಟ."

"ಮತ್ತೇನಂದ್ಕೊಂಡೆ?"

ಲಕ್ಷ್ಮೀಕಾಂತನಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಆಗ ನೀನು ನೆನಪಿಗೇ ಬರ್ಲಿಲ್ಲ."

ಅಂಬಿ ಲೋಟವನ್ನು ಮೊಣಕೈಯಿಂದ ತಳ್ಳಿದಳು. ಹಾಲು ನೆಲಕ್ಕೆ ಚೆಲ್ಲಿತು. ಆವತ್ತಿನಿಂದ ಅವಳು ಅಪ್ಪನ ಕೈಯಿಂದ ಏನನ್ನೂ ಮುಟ್ಟಲಿಲ್ಲ, ಅವನಿರುವ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಸಂಧ್ಯಾ ಗಂಡನಿಗೆ ಒಂದೇ ಮಾತು ಹೇಳಿದಳು. "ಈ ವರ್ಷದ ಪರೀಕ್ಷೆ ಮುಗಿಯೋವರ್ಗೂ ಇರ್ತೀನಿ. ಅಷ್ಟರೊಳಗೆ ಈ ಹುಡುಗಿ ನಿಮ್ ಜೊತೆ ಕೂತು ಅನ್ನ ತಿನ್ನೋ ಹಂಗಾಗ್ಲಿಲ್ಲ ಅಂದ್ರೆ ಇವಳನ್ನ ಕರ್ಕೊಂಡು ಹೋಗ್ತೀನಿ. ಕುಣಿಗಲ್ಲಲ್ಲಿ ಸೇರಿಸ್ಲಿಲ್ಲ ಅಂದ್ರೆ ಬೇರೆ ಕಡೆ ರೂಮ್ ಮಾಡ್ತೀನಿ. ಯಾರ್ ನಕ್ರೂ ನಗ್ಲಿ."

ಸಂಧ್ಯಾ ವಿಷಯ ಹೇಳಿಕೊಂಡಾಗ ಅಂಬಿಯ ಜ್ವರ ನೋಡಿದ ಡಾಕ್ಟರೇ ಚೀಟಿ ಬರೆದು, ಗುರುವಾರ ಗುರುವಾರ ಒಂದು ಮೆಡಿಕಲ್ ಸ್ಟೋರಿನ ಮೇಲೆ ಕೂರುತ್ತಿದ್ದ ಡಾಕ್ಟರ್ ಉಝ್ಮಾ ಹತ್ತಿರ ಕಳಿಸಿದರು. ಮನೋರೋಗ ತಜ್ಞೆ ಎಂಬ ಬೋರ್ಡು ನೋಡಿ ಲಕ್ಷ್ಮೀಕಾಂತ್ ಮೆಟ್ಟಿಲಲ್ಲೇ ನಿಂತ. "ಹೆಂಗಸ್ರ ಹತ್ರ ಹೆಂಗೆ ಹೇಳ್ಲಿ?"

"ಸೈಬರಿನ ಮೆಟ್ಲು ಹತ್ತೋವಾಗ ನಾಚ್ಕೆ ಆಗ್ಲಿಲ್ವಾ? ಹತ್ತಿ" ಎಂದಳು ಸಂಧ್ಯಾ.

ಡಾಕ್ಟರಿಗೆ ಇದು ಮೊದಲ ಕೇಸಲ್ಲ. "ನನ್ ಮುಖ ನೋಡೋಕಾಗ್ದಿದ್ರೆ ಫ್ಯಾನ್ ನೋಡ್ಕೊಂಡು ಹೇಳಿ" ಎಂದರು. ಅವನು ಫ್ಯಾನ್ ನೋಡಿಕೊಂಡೇ ಎಲ್ಲ ಹೇಳಿದ. ಅವರು ಯಾವ ಹೊತ್ತಿಗೆ ಹೋಗುತ್ತೀರಿ, ಹೋಗುವ ಮುಂಚೆ ಏನಾಗಿರುತ್ತೆ ಎಂದಷ್ಟೇ ಕೇಳುತ್ತ ಹೋದರು. ಆಫೀಸು ಬಿಟ್ಟ ಹೊತ್ತು. ಮಾಲೀಕ ಬೈದ ದಿನ, ಮನೆಯಲ್ಲಿ ಮುಖ ಗಂಟಿಕ್ಕಿದ ದಿನ, ಏನೂ ಕೆಲಸವಿಲ್ಲದ ದಿನ.

"ಆಣೆ ಹಾಕ್ಸಿದ್ದು ಯಾರು?"

"ಅಮ್ಮ."

"ಪ್ರೀತಿಯಿಂದ್ಲೇ ಹಾಕ್ಸಿರ್ತಾರೆ. ಆದ್ರೆ ಈ ಚಟ ಬಿಡೋರು ಒಂದ್ಸಲ ಅಲ್ಲ ಒಂದ್ಸಲ ಜಾರ್ತಾರೆ. ಜಾರಿದ ದಿನ ಬಂದು ಹೇಳ್ಕೊಳ್ಳೋಕೆ ಜಾಗ ಇರ್ಬೇಕು. ಆಣೆ ಆ ಜಾಗಾನ ಮುಚ್ಚಿಬಿಡ್ತು. ಆ ಹೊತ್ನಲ್ಲಿ ಒಬ್ರೇ ಇರ್ಬೇಡಿ. ಜಾರಿದ್ರೆ ಅವತ್ತೇ ಹೇಳಿ. ಸಂಧ್ಯಾ ಅವ್ರೇ, ನೀವು ದಿನಾ ಪೊಲೀಸ್ ಕೆಲಸ ಮಾಡ್ಬೇಡಿ."

"ಎಲ್ಲಾರೂ ಅವರಿಗೆ ಏನ್ ಮಾಡ್ಬೇಕು ಅಂತ ಹೇಳ್ತೀರ. ನಂಗಾಗಿರೋದಕ್ಕೆ ಏನ್ ಮದ್ದು ಮೇಡಂ?" ಸಂಧ್ಯಾ ಕೇಳಿದಳು.

"ಅದಕ್ಕೇ ಮುಂದಿನ ಗುರುವಾರ ನೀವೊಬ್ರೇ ಬನ್ನಿ." ಅಷ್ಟು ದಿನದಲ್ಲಿ ಅವಳನ್ನು ಯಾರಾದರೂ ಕರೆದು ಕೂರಿಸಿ ಕೇಳಿದ್ದು ಅದೇ ಮೊದಲು. ಅವಳು ಅಲ್ಲೇ ಅತ್ತಳು.

ಆಣೆ ತೆಗೆಯುವ ಮಾತಿಗೆ ದೊಡ್ಡಗಂಗಮ್ಮ ಸುತಾರಾಂ ಒಪ್ಪಲಿಲ್ಲ. "ಅದು ಅವ್ನಿಗೆ ಲೈಸನ್ಸ್ ಕೊಟ್ಟಂಗೆ. ಡಾಕ್ಟ್ರಮ್ಮಂಗೇನ್ ಗೊತ್ತು ಆಣೆ ವಿಚಾರ?" ಎಂದು ಹಟ ಹಿಡಿದರು. ಒಂದು ರಾತ್ರಿ ಮೊಮ್ಮಗಳಿಗೆ ಮುದ್ದೆ ಮುರಿದು ಸಾರಿಗೆ ಅದ್ದಿ ಕೊಡುತ್ತಿದ್ದಾಗ ಹುಡುಗಿ ಗೋಡೆ ನೋಡುತ್ತಲೇ ಕೇಳಿದಳು.

"ಅಜ್ಜಿ, ಅಪ್ಪ ಮತ್ತೆ ಹೋದ್ರೆ ಈ ಸಲ ನಂಗೇನ್ ಬರತ್ತೆ?"

ಮುದುಕಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಆ ಶನಿವಾರ ಗಂಡನ ಜೊತೆ ತಾವೂ ಗುಬ್ಬಿಗೆ ಹೋಗಿ, ತೋಟದ ಅಂಚಿನ ಅಮ್ಮನ ಗುಡಿಯಲ್ಲಿ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಟ್ಟು ಬಂದರು. ಬಂದವರೇ ಅಂಬಿಯ ತಲೆ ನೇವರಿಸಿ, ಎರಡೂ ಕೈಯಿಂದ ದೃಷ್ಟಿ ತೆಗೆದು ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿದರು. "ಹಾಕ್ಸಿದೋಳು ನಾನು. ಇನ್ಮ್ಯಾಲೆ ಏನಿದ್ರೂ ನನ್ ತಲೆಗಿರ್ಲಿ."

"ಯಾರ ತಲೆಗೂ ಬೇಡ ಕಣೇ" ಎಂದರು ಶಿವರಾಮಯ್ಯ. "ಬಿಟ್ರೆ ಅವನು ಬಿಡ್ಬೇಕು."

ಆದರೂ ಸೋಮವಾರದಿಂದ ಅವರೇ ಸಂಜೆ ಕೋಲೂರಿಕೊಂಡು ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ನಿಂತರು. ಮಗ ಹೊರಬಂದಾಗ ಮಾತಿಲ್ಲದೆ ಮುಂದೆ ಮುಂದೆ ನಡೆದರು, ಮಗ ಹಿಂದೆ. ತಲೆ ನರೆಯಲು ಶುರುವಾದ ಮಗನನ್ನು ಅಪ್ಪ ಶಾಲೆಯಿಂದ ಕರೆದೊಯ್ಯುವ ಹಾಗೆ ಕರೆದೊಯ್ಯುವುದನ್ನು ನೋಡಿ ಲಾರಿ ಕ್ಲೀನರುಗಳು ನಗುತ್ತಿದ್ದರು. "ಏನ್ ಮೇಷ್ಟ್ರೇ, ಮಗನ್ನ ಯಾರಾದ್ರೂ ಕದ್ದೊಯ್ತಾರಾ?" ಎಂದು ನರಸಯ್ಯ ಕೇಳಿದರೆ "ವಾಕಿಂಗ್ ಕಣಯ್ಯ, ಶುಗರ್ರು" ಎನ್ನುತ್ತಿದ್ದರು. ಸುಳ್ಳನ್ನೇ ಆಡದ ಮೇಷ್ಟರು ಮಗನಿಗಾಗಿ ದಿನವೂ ಆ ಒಂದು ಸುಳ್ಳು ಹೇಳಿದರು.

ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಅಂಬಿ ಮುದ್ದೆಯನ್ನು ತಾನೇ ಮುರಿಯುವಷ್ಟಾದಳು, ಆದರೆ ಗೋಡೆಯ ಕಡೆಗಿದ್ದ ಮುಖ ತಿರುಗಲಿಲ್ಲ. ಪರೀಕ್ಷೆ ಹತ್ತಿರವಾಗುತ್ತಿತ್ತು. ಲಕ್ಷ್ಮೀಕಾಂತ್ ಯಾರಿಗೂ ಏನೂ ಹೇಳದೆ ಅಡುಗೆಮನೆಯ ಬಾಗಿಲ ಕಡೆ ನೋಡಿಕೊಂಡು ಉಣ್ಣುತ್ತಿದ್ದ.

ನವೆಂಬರ್ ಕೊನೆಯ ಒಂದು ಶನಿವಾರ ತೋಟದಲ್ಲಿ ಕಾಯಿ ಕೀಳಿಸಲು ಹೋದ ಶಿವರಾಮಯ್ಯ ಬರುವುದು ತಡವಾಯಿತು. ಮಗನ ಆಫೀಸಿನ ಮುಂದೆ ಯಾರೂ ನಿಂತಿರಲಿಲ್ಲ. ಅವನು ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಅಪ್ಪನೂ ಆಗಷ್ಟೇ ಬಂದು ಕೈ ತೊಳೆದಿದ್ದರು. ಲಕ್ಷ್ಮೀಕಾಂತ್ ತಟ್ಟೆಯ ಮುಂದೆ ಕೂರದೆ ಗೋಡೆಗೆ ಒರಗಿ ನಿಂತ.

"ಇವತ್ತು ಹೋಗಿದ್ದೆ" ಎಂದ.

ದೊಡ್ಡಗಂಗಮ್ಮ ತಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ಶಿವರಾಮಯ್ಯ ಕಣ್ಣು ಮುಚ್ಚಿದರು. ಸಂಧ್ಯಾಗೆ ಸಾರಿನ ಪಾತ್ರೆಯನ್ನು ಅವನ ಮೇಲೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ನೆಲಕ್ಕಿಟ್ಟಳು.

ಅಡುಗೆಮನೆಯಿಂದ ಅಂಬಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಜೂನಿನಿಂದ ಈಚೆಗೆ ಅಪ್ಪನ ಮುಖ ನೇರವಾಗಿ ನೋಡಿದ್ದು ಅದೇ ಮೊದಲು.

"ನಾನ್ ನೆನಪಿಗೆ ಬಂದ್ನಾ?"

"ಮೆಟ್ಲು ಹತ್ತೋವಾಗ ಬಂದೆ. ಆದ್ರೂ ಹತ್ದೆ. ಒಂದ್ಸ್ವಲ್ಪ ಹೊತ್ತು ಕೂತಿದ್ದೆ. ಆಗ್ಲಿಲ್ಲ. ಎದ್ದು ಬಂದೆ."

"ಯಾರೂ ನೋಡಿರ್ಲಿಲ್ಲ ಅಲ್ವಾ?"

"ಇಲ್ಲ."

"ಲೋಡಿಂಗ್ ಇತ್ತು ಅನ್ಬಹುದಿತ್ತು."

"ಅನ್ಬಹುದಿತ್ತು."

ಅಂಬಿ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿಂದ ಅತ್ತಿತ್ತ ಸರಿಸಿದಳು. ಅವಳು ಪಂಕ್ತಿಗೆ ಬಂದು ಕೂರಲಿಲ್ಲ. ಅಡುಗೆಮನೆಗೆ ವಾಪಸು ತಿರುಗಿದಳು, ಮತ್ತೆ ನಿಂತಳು.

"ಸೋಮವಾರ ಪೇರೆಂಟ್ಸ್ ಮೀಟಿಂಗು. ಒಳಗೆ ಅಮ್ಮ ಬರ್ಲಿ." ಅಪ್ಪನ ಕಡೆ ತಿರುಗಿ ಹೇಳಿದಳು, "ನೀನು ಗೇಟ್ ಹತ್ರ ನಿಂತ್ಕೊ."

ಲಕ್ಷ್ಮೀಕಾಂತ್ ಎಂಜಲಾಗದ ಕೈಯನ್ನೇ ಪ್ಯಾಂಟಿಗೆ ಒರೆಸಿಕೊಂಡ. "ಎಷ್ಟೊತ್ತಿಗೆ?"

"ಹತ್ ಗಂಟೆಗೆ. ಲೇಟ್ ಮಾಡ್ಬೇಡ."